ಹರಿಯಲೆಂದೇ ಹೆಣೆದದ್ದು

— ನೋಡವಾ, ಇದನ್ನ ಆ ಕುನ್ನಿಗಳಿಗೆ ಒಯ್ದು ಹಾಸು. ಒಳಗ ನಾಲ್ಕ ಹಳೇ ಪತ್ತಲ ಅದಾವ, ಮ್ಯಾಲ ನಿಮ್ಮಜ್ಜಿ ಇಳಕಲ್ ಸೀರಿ. ಚಳಿ ಹತ್ತೈತಿ. ಸಿಮೆಂಟಿನ ಮ್ಯಾಲ ಮಲಗತಾವ ಅಂತ ನೀನ ಹೇಳಿದ್ದಿ.

— ಕೌದಿ ತುಂಬಾ ಚೆನ್ನಾಗಿದೆ ದೊಡ್ಡವ್ವ. ಚೆನ್ನಾಗಿದೆ ಅಂತಲೇ ಹೇಳ್ತಿದೀನಿ, ಅಲ್ಲಿಗೆ ಬೇಡ. ಒಂದು ರಾತ್ರಿ ಉಳಿಯಲ್ಲ.

— ನನ್ನ ಹೊಲಿಗಿ ಒಂದ ರಾತ್ರ್ಯಾಗ ಬಿಚ್ಚತೈತಿ? ನೀ ಹುಟ್ಟಿದಾಗ ಹೊಲದದ್ದು ಇನ್ನೂ ನಿಮ್ಮವ್ವನ ಟ್ರಂಕಿನ್ಯಾಗ ಐತಿ.

— ನಿನ್ನ ಹೊಲಿಗೆ ಬಿಗಿಯಾಗಿರೋದೇ ಕಷ್ಟ. ಆಶ್ರಯದಲ್ಲಿರೋ ಹರೆಯದ ನಾಯಿಗಳಿಗೆ ಬೆಳಗಿಂದ ಸಂಜೆವರೆಗೆ ಮಾಡೋಕೆ ಏನೂ ಇಲ್ಲ. ಬಟ್ಟೆ ಸಿಕ್ಕಿತು ಅಂದರೆ ಕಾಲಲ್ಲಿ ಒತ್ತಿಹಿಡಿದು ಮೂಲೆ ಕಚ್ಚಿ ಎಳೀತವೆ. ಬಟ್ಟೆ ಹರಿದರೆ ಹರಿಯಲಿ. ನಿನ್ನ ನೂಲು ಹರಿಯಲ್ಲ, ಉದ್ದಕ್ಕೆ ಬಿಚ್ಚಿಕೊಂಡು ಹೊಟ್ಟೆಗೆ ಇಳಿಯುತ್ತೆ. ಅದರ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ, ಇನ್ನೊಂದು ತುದಿಯನ್ನ ಕರುಳು ಮುಂದಕ್ಕೆ ತಳ್ಳುತ್ತಲೇ ಇರುತ್ತೆ. ಲಂಗದ ಲಾಡಿ ಎಳೆದ ಹಾಗೆ ಕರುಳೆಲ್ಲ ನೆರಿಗೆ ಕಟ್ಟುತ್ತೆ, ಬಿಗಿದ ನೂಲು ಕರುಳಿನ ಗೋಡೆಯನ್ನೇ ಕೊಯ್ಯುತ್ತೆ. ಆಮೇಲೆ ಆಪರೇಷನ್ನೇ ಗತಿ. ಕ್ರೋಶಾ ಚೆಂಡು, ಉಲ್ಲನ್ ಬೊಂಬೆ, ಲೇಸು ಇಟ್ಟ ದಿಂಬು ಹಿಡಿದು ಬಂದವರನ್ನ ನೋಡಿದರೆ ಪಶುವೈದ್ಯರ ಮುಖ ಚಿಕ್ಕದಾಗೋದು ಇದಕ್ಕೇ.

— ಅಯ್ಯ ಶಿವನ! ನೂಲಿಗೆ ನಾಯಿ ಸಾಯತೈತಿ ಅಂತ ನಾ ಕೇಳಿದ್ದೇ ಇಲ್ಲ.

— ಇನ್ನೊಂದಿದೆ. ಇದು ಐದು ಪದರ. ಉಚ್ಚೆ ಒಳಕ್ಕಿಳಿದರೆ ಮೇಲೆ ಮೇಲೆ ತೊಳೆದು ಪ್ರಯೋಜನವಿಲ್ಲ, ಮೋಡದ ದಿನ ಒಣಗೋದೂ ಇಲ್ಲ. ಹೊಲಿಗೆಯ ಸಂದಿಯಲ್ಲಿ ಉಣ್ಣಿ ಸೇರ್ಕೊಳ್ಳುತ್ತೆ. ಮರಿಗಳಿರೋ ಕಡೆಯಂತೂ ಪಾರ್ವೊ ಅನ್ನೋ ರಕ್ತಭೇದಿಯ ಭಯ. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಮಾಮೂಲಿ ಸೋಪಿಗೆ ಜಗ್ಗಲ್ಲ, ಬ್ಲೀಚಿಂಗ್ ನೀರಲ್ಲಿ ನೆನೆಸಬೇಕು. ಇಳಕಲ್ ಕೆಂಪನ್ನ ಬ್ಲೀಚಿನಲ್ಲಿ ಅದ್ದಿದರೆ ಏನಾಗುತ್ತೆ ಅಂತ ನಾನು ನಿನಗೆ ಹೇಳಬೇಕಾ?

— ಹೇಳಬ್ಯಾಡ. ಹೊಟ್ಟಿ ಉರೀತೈತಿ. ಹಂಗಾರ ಇದನ್ನ ವಾಪಸ್ ಊರಿಗೆ ಒಯ್ಯಲೇನು?

— ಬೇಡ, ಕೊಡೋಣ. ಯಾರಿಗೆ ಅನ್ನೋದನ್ನ ನೋಡಿ ಕೊಡೋಣ. ಅಲ್ಲೊಂದು ಮುದಿ ಲ್ಯಾಬ್ರಡಾರ್ ಇದೆ. ಮನೆಯವರು ಊರು ಬಿಡುವಾಗ ಗೇಟಿಗೆ ಕಟ್ಟಿ ಹೋದರಂತೆ. ಕೀಲು ಹಿಡಿದು ಏಳೋಕೆ ಒದ್ದಾಡುತ್ತೆ, ಮೊಣಕೈ ಚರ್ಮ ಸಿಮೆಂಟಿಗೆ ಉಜ್ಜಿ ಉಜ್ಜಿ ಗಂಟುಗಟ್ಟಿದೆ. ಕಚ್ಚಿ ಎಳೆಯೋ ಹುಮ್ಮಸ್ಸು ಅದಕ್ಕಿಲ್ಲ. ನಿನ್ನ ಕೌದಿ ಅದಕ್ಕೆ ಸರಿ. ಮೇಲೊಂದು ಹಳೇ ಬೆಡ್‌ಶೀಟಿನ ಗವಸು ಹಾಕಿದರೆ ಅದನ್ನಷ್ಟೇ ಒಗೆಯಬಹುದು. ಮುಂದೆ ಯಾರಾದರೂ ಅದನ್ನ ಸಾಕೋಕೆ ಕರಕೊಂಡು ಹೋದರೆ ಕೌದಿಯೂ ಜೊತೆಗೆ ಹೋಗಲಿ. ಪರಿಚಯದ ವಾಸನೆ ಇರೋ ಬಟ್ಟೆ ಜೊತೆಗಿದ್ದರೆ ಹೊಸ ಮನೆ ಬೇಗ ಒಗ್ಗುತ್ತೆ.

— ಆತು, ಮುದುಕಿಗೆ ಮುದುಕಿ ಹೊಲದದ್ದು. ಉಳಿದಾವಕ್ಕ?

— ಉಳಿದವಕ್ಕೆ ಹರಿಯೋಕೆ ಅಂತಲೇ ಏನಾದರೂ ಮಾಡಿಕೊಡು.

— ಏನಂದಿ? ಹರಿಯಾಕಂತ ಮಾಡೂದೇನು? ನಾ ಹುಟ್ಟಾ ಹರದದ್ದನ್ನ ಕೂಡಿಸಕೋತ ಬಂದಾಕಿ. ಕೌದಿ ಅಂದ್ರನ ಅದು. ಸೀರಿ ಹರೀತು, ಕೌದಿ ಆತು. ಕೌದಿ ಹರೀತು, ಕೂಸಿನ ಹಾಸಿಗಿ ಆತು. ಅದೂ ಹರೀತು ಅಂದ್ರ ಒಲಿ ಒರಸೂ ಅರಿವಿ. ಮಾಡಿದ್ದು ಬಾಳಿಕಿ ಬರಬೇಕು ಅಂತ ನಮ್ಮವ್ವ ಕಲಿಸ್ಯಾಳ. ನೀ ಉಲ್ಟಾ ಹೇಳತಿ.

— ಉಡುಗೊರೆ ಬಾಳಿಕೆ ಬರಬೇಕು ಅನ್ನೋದು ಕೊಡೋರ ಆಸೆ. ನಾಯಿಗೆ ಹರಿಯೋದೇ ಹಬ್ಬ. ಹರಿಯೋದು, ಅಗೆಯೋದು, ಮೂಸೋದು, ಕಡಿಯೋದು, ಹುಡುಕೋದು ಇಷ್ಟೇ ಅದರ ಉದ್ಯೋಗ. ಬೀದಿಯಲ್ಲಿ ಇದ್ದಾಗ ದಿನವಿಡೀ ಅದನ್ನೇ ಮಾಡ್ತಿತ್ತು. ಕಸದ ಬುಟ್ಟಿ, ಬೇಕರಿ ಮುಂದಿನ ಚೂರು, ಯಾವ ಗಾಡಿಯ ಚಕ್ರಕ್ಕೆ ಯಾರು ಕಾಲೆತ್ತಿ ಹೋದರು ಅನ್ನೋ ಸಮಾಚಾರ. ಗಾಡಿ ಬಡಿದು ಕಾಲು ಮುರೀತು, ಆಶ್ರಯಕ್ಕೆ ಬಂತು. ಊಟ ಹೊತ್ತಿಗೆ ಸರಿಯಾಗಿ ಬರುತ್ತೆ, ಔಷಧಿ ಬರುತ್ತೆ, ಆದರೆ ದಿನದಲ್ಲಿ ನಡೆಯೋ ಸಂಗತಿ ಏನೂ ಇಲ್ಲ. ಕೆಲವು ಅದೇ ಜಾಗದಲ್ಲಿ ಸುತ್ತುತ್ತಾ ಇರ್ತವೆ, ಕೆಲವು ತಮ್ಮ ಕಾಲನ್ನೇ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ತವೆ.

— ಮನಷ್ಯಾರೂ ಹಂಗ ಆಗತಾರ. ಸೊಸಿ ಬಂದು ಅಡಿಗಿಮನಿ ಕಸಗೊಂಡ ಮ್ಯಾಲ ನಾನೂ ಹಂಗ ಆಗಿದ್ದೆ. ಅದು ಇರಲಿ. ಏನ ಮಾಡೂದು ಹೇಳು.

— ಹೊಲಿಗೆಯೇ ಬೇಡ. ಜಡೆ ಹೆಣಿ. ಇಲ್ಲಿ ನೋಡು, ನನ್ನ ಹಳೇ ಟೀ-ಶರ್ಟುಗಳು. ಎರಡು ಬೆರಳಗಲ ಉದ್ದುದ್ದ ಕತ್ತರಿಸು. ಬನಿಯನ್ ಬಟ್ಟೆ ಕತ್ತರಿಸಿದರೆ ಸುರುಳಿ ಸುತ್ತಿಕೊಳ್ಳುತ್ತೆ, ನೆಯ್ದ ಬಟ್ಟೆಯ ಹಾಗೆ ಎಳೆ ಎಳೆ ಬಿಚ್ಚಲ್ಲ. ಮೂರು ಕಾಲಿನ ಜಡೆ, ಎರಡೂ ತುದಿಗೆ ಗಟ್ಟಿ ಗಂಟು. ಗುಂಡಿ, ಜಿಪ್ಪು, ಹೊಳೆಯೋ ಪ್ರಿಂಟು ಇರೋ ತುಂಡನ್ನ ತೆಗೆದುಬಿಡು. ಗಂಟು ನಾಯಿಯ ಬಾಯಿಗಿಂತ ಚಿಕ್ಕದಿರಬಾರದು, ಇಡಿಯಾಗಿ ನುಂಗೋ ಹಾಗಿರಬಾರದು. ಒಬ್ಬರು ಹಿಡಿದು ಎಳೆದಾಡಿಸಬೇಕು, ಆಟ ಮುಗಿದ ಮೇಲೆ ತೆಗೆದಿಡಬೇಕು. ಬಿಟ್ಟು ಹೋದರೆ ಇದನ್ನೂ ತಿನ್ನುತ್ತೆ.

— ಜಡಿ ಅಂದ್ರ ಒಂದ ತಾಸಿನ್ಯಾಗ ಹತ್ತು ಹಾಕತೀನಿ. ಬಣ್ಣ ಚಂದ ನೋಡಿ ಕೂಡಿಸಲೇನು? ಕೆಂಪು, ಹಸರು?

— ಅದು ನಿನ್ನ ಸಂತೋಷಕ್ಕೆ. ನಾಯಿಗೆ ಕೆಂಪು-ಹಸಿರಿನ ಭೇದ ತಿಳಿಯಲ್ಲ, ಎರಡೂ ಹಳದಿ-ಕಂದಿನ ಹಾಗೆ ಕಾಣುತ್ತೆ. ನೀಲಿ, ಹಳದಿ ಚೆನ್ನಾಗಿ ಕಾಣುತ್ತೆ. ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದು ‘ಹುಡುಕೋಕೆ ಬರಲ್ಲ, ದಡ್ಡ’ ಅಂತ ಬಯ್ಯೋರನ್ನ ನೋಡಿದೀನಿ.

— ನಿಮ್ಮಜ್ಜಿ ಸೀರಿ ಕೆಂಪು ಆ ಮುದುಕಿಗೆ ಕಾಣೂದಿಲ್ಲ ಅಂತಾತು. ಇರಲಿ, ಮೂಗು ಐತೆಲ್ಲ. ಒಂದ ನಾಯಿಗೆ ಒಂದ ಜಡಿ ಸಾಕೇನು?

— ಎಷ್ಟು ಕೊಟ್ಟರೂ ಬೇಸರ ಬೇಗ ಬರುತ್ತೆ. ಗೂಡುಗಳಲ್ಲಿರೋ ನಾಯಿಗಳ ಮೇಲೆ ಬ್ರಿಟನ್‌ನ ಸಂಶೋಧಕರು ಇದನ್ನ ನೋಡಿದಾರೆ, 2012ರಲ್ಲಿ ಪ್ರಕಟ ಆಯ್ತು. ಅದೇ ಆಟಿಕೆಯನ್ನ ಮತ್ತೆ ಮತ್ತೆ ಕೊಟ್ಟರೆ ನಾಯಿ ಸ್ವಲ್ಪ ಹೊತ್ತಿನಲ್ಲೇ ಮುಖ ತಿರುಗಿಸುತ್ತೆ. ಬಣ್ಣ, ವಾಸನೆ ಬೇರೆ ಇರೋ ಇನ್ನೊಂದು ಬಂತೋ, ಮತ್ತೆ ಜೀವ ಬರುತ್ತೆ. ಹಾಗಾಗಿ ರಾಶಿ ಆಟಿಕೆ ಒಂದೇ ದಿನ ಗೂಡಿಗೆ ಸುರಿಯೋದು ವ್ಯರ್ಥ. ಡಬ್ಬಿಯಲ್ಲಿಟ್ಟು ಸರದಿಯ ಮೇಲೆ ತೆಗೀಬೇಕು. ಇವತ್ತು ಜಡೆ, ನಾಳೆ ರಟ್ಟಿನ ಪೆಟ್ಟಿಗೆ, ನಾಡಿದ್ದು ಏನೂ ಇಲ್ಲ.

— ವಾಸನಿ ಬ್ಯಾರೆ ಬ್ಯಾರೆ ಇರಬೇಕಂದ್ರ ನನ್ನ ಮಸಾಲಿ ಡಬ್ಬಿ ಐತಲ್ಲ.

— ನಗಬೇಡ, ಅದೂ ಆಗಿದೆ. 2018ರಲ್ಲಿ ಒಂದು ಚಿಕ್ಕ ಪರೀಕ್ಷೆ, ಹದಿನೈದು ಆಶ್ರಯ ನಾಯಿಗಳ ಮೇಲೆ. ಬಟ್ಟೆಗೆ ವೆನಿಲಾ, ತೆಂಗು, ಶುಂಠಿ, ವಲೇರಿಯನ್ ಬೇರಿನ ವಾಸನೆ ಹಾಕಿ ಗೂಡಲ್ಲಿಟ್ಟರು. ಬೊಗಳಾಟ, ಓಡಾಟ ಕಡಿಮೆ ಆಯ್ತು. ತೆಂಗು, ಶುಂಠಿ ಇಟ್ಟಾಗ ನಿದ್ದೆಯೂ ಹೆಚ್ಚಾಯ್ತು. ಹದಿನೈದೇ ನಾಯಿ, ಅದನ್ನೇ ಶಾಸ್ತ್ರ ಅಂತ ತಿಳ್ಕೋಬೇಡ. ಆದರೆ ಖರ್ಚಿಲ್ಲದ್ದು. ಬಾಟಲಿಯ ಸುಗಂಧ ತೈಲ ಮಾತ್ರ ಬೇಡ, ಅದು ತೀರಾ ಘಾಟು, ನೆಕ್ಕಿದರೆ ಕೆಡುಕು. ಜಡೆಗಳನ್ನ ಒಣಕೊಬ್ಬರಿ ಬಟ್ಟಲ ಜೊತೆ ಒಂದು ರಾತ್ರಿ ಡಬ್ಬಿಯಲ್ಲಿಟ್ಟರೆ ಸಾಕು. ಅಂದಹಾಗೆ, ಟ್ರಂಕಿನ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟಿದ್ದೆಯಾ?

— ಇಡದ ಹೆಂಗ ಬಿಡೂದು, ಜಿರಳಿ ತಿಂತಾವ.

— ಹಾಗಾದರೆ ಕೌದಿಯನ್ನ ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿಯೇ ಕೊಡಬೇಕು. ನುಸಿಗುಳಿಗೆ ನಾಯಿಗೆ ವಿಷ. ನಮಗೆ ಹಬ್ಬದ ವಾಸನೆ ಅನ್ನಿಸುತ್ತೆ, ಅದರ ಮೂಗಿಗೆ ಹೇಗೋ ಏನೋ.

— ನೀ ಮೂಗು ಮೂಗು ಅಂದಿದ್ದಕ್ಕ ನೆನಪಾತು. ನಮ್ಮವ್ವ ಕೌದಿ ಮುಗಿಸೂ ಮುಂದ ಕಡೀ ಮೂಲಿ ಮುಚ್ಚೂಕಿಂತ ಮೊದಲ ಒಂದ ಚೂರು ರೊಟ್ಟಿ ಒಳಗ ಇಡತಿದ್ದಳು. ಕೌದಿ ಹಸದಿರಬಾರದು ಅಂತ. ಹಂಗ ಇಟ್ಟ ಕೌದಿ ಒಮ್ಮಿ ನಮ್ಮ ನಾಯಿ ಎಳಕೊಂಡ ಹೋಗಿ ಬರೋಬ್ಬರಿ ಆ ಮೂಲೀನ ಹರದಿತ್ತು. ನಾಲ್ಕು ಮೂಲ್ಯಾಗ ಅದೊಂದ ಮೂಲಿ! ನಮ್ಮವ್ವ ಬೈಯಲಿಲ್ಲ, ನಕ್ಕಳು.

— ದೊಡ್ಡವ್ವ, ನೀನು ಈಗ ಹೇಳಿದ್ದನ್ನೇ ಅಂಗಡಿಯಲ್ಲಿ ಎರಡು ಸಾವಿರಕ್ಕೆ ಮಾರ್ತಾರೆ!

— ಹರದ ಕೌದೀನೇನು?

— ಮೂಸುವ ಚಾಪೆ. ತೂತು ತೂತಿನ ರಬ್ಬರ್ ಮ್ಯಾಟ್ ತಗೋಬೇಕು, ಸಿಂಕಿನಲ್ಲಿ ಪಾತ್ರೆ ಕೆಳಗೆ ಹಾಸ್ತೀವಲ್ಲ, ಅಂಥದ್ದು. ಪ್ರತಿ ತೂತಿಗೂ ಒಂದು ಗೇಣಿನ ಬಟ್ಟೆ ಪಟ್ಟಿ ತೂರಿಸಿ ಗಂಟು ಹಾಕ್ತಾ ಹೋದರೆ ಹುಲ್ಲಿನ ಹಾಗೆ ದಟ್ಟವಾಗಿ ಎದ್ದು ನಿಲ್ಲುತ್ತೆ. ಅದರೊಳಗೆ ತಿನಿಸಿನ ಕಾಳುಗಳನ್ನ ಉದುರಿಸಿದರೆ ಮುಗಿಯಿತು. ತಟ್ಟೆಯಲ್ಲಿ ಹಾಕಿದ್ದನ್ನ ಗಬಕ್ಕನೆ ನುಂಗೋ ನಾಯಿ, ಇದರಲ್ಲಿ ಮೂಗು ತೂರಿಸಿ ಕಾಲು ಗಂಟೆ ಹುಡುಕುತ್ತೆ. ಹುಡುಕಿ ಮುಗಿಸಿದ ಮೇಲೆ ನಿಟ್ಟುಸಿರು ಬಿಟ್ಟು ಮಲಗುತ್ತೆ, ದೊಡ್ಡ ಕೆಲಸ ಮುಗಿಸಿದವರ ಹಾಗೆ. ಮೂಳೆಗೆ ಬ್ಯಾಂಡೇಜು ಹಾಕಿಸಿಕೊಂಡು ಓಡಾಡೋ ಹಾಗಿಲ್ಲದ ನಾಯಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ. ಕೂತಲ್ಲೇ ದಣಿಯುತ್ತೆ. ಮುಗಿದ ಮೇಲೆ ಚಾಪೆ ಎತ್ತಿಟ್ಟುಬಿಡಬೇಕು.

— ಇದಕ್ಕ ಕುಬಸದ ತುಂಡು ನಡೀತಾವೇನು? ದರ್ಜಿ ಅಂಗಡ್ಯಾಗ ಚೀಲಗಟ್ಟಲೆ ಬಿದ್ದಿರತಾವ.

— ಹತ್ತಿಯದು, ಜರಿ ಇಲ್ಲದ್ದು ಆದರೆ ನಡೆಯುತ್ತೆ, ಅಂಚು ಮಾತ್ರ ಒಳಗೆ ಮಡಿಸಿ ಗಂಟು ಹಾಕಬೇಕು. ಚಾಪೆಯೇ ಬೇಕು ಅಂತಲೂ ಇಲ್ಲ. ಮೊಟ್ಟೆಯ ಟ್ರೇ ಇರುತ್ತಲ್ಲ, ರಟ್ಟಿನದು, ಅದರ ಗುಳಿಗಳಲ್ಲಿ ಚೂರುಪಾರು ಹಾಕಿ ಮೇಲೆ ಇನ್ನೊಂದು ಟ್ರೇ ಮುಚ್ಚಿ ಕೊಟ್ಟರೆ ಆಯ್ತು. ಕೊರಿಯರ್ ಪೆಟ್ಟಿಗೆಯೊಳಗೆ ಮುದುಡಿದ ಪೇಪರು, ಪೇಪರಿನೊಳಗೆ ತಿನಿಸು. ಟೇಪು, ಸ್ಟೇಪ್ಲರ್ ಪಿನ್ನು ಕಿತ್ತಿರಬೇಕು. ಐದು ನಿಮಿಷದಲ್ಲಿ ಪೆಟ್ಟಿಗೆ ಪುಡಿಪುಡಿ. ಗುಡಿಸಿ ಬಿಸಾಕಿದರೆ ಆಯ್ತು, ಒಗೆಯೋದೂ ಇಲ್ಲ, ರೋಗ ಹರಡೋ ಭಯವೂ ಕಡಿಮೆ.

— ಕಸ ಒಯ್ದು ಉಡುಗೊರಿ ಅಂತ ಕೊಡೂದು! ನನಗ ನಾಚಿಕಿ ಬರತೈತವಾ.

— ನಾಚಿಕೆ ನಮ್ಮದು, ಅದರದ್ದಲ್ಲ. ಕೊಟ್ಟದ್ದು ಕಣ್ಣಿಗೆ ಕಾಣ್ತಾ ಇರಬೇಕು ಅನ್ನೋರು ಹುಟ್ಟುಹಬ್ಬಕ್ಕೆ ಕೇಕ್ ತರ್ತಾರೆ. ನಾಯಿಯ ತಲೆಗೆ ಕಾಗದದ ಟೋಪಿ, ಮುಂದೆ ಮೇಣದ ಬತ್ತಿ. ಬೆಂಕಿ ಕಂಡು ಅದು ಕಿವಿ ಹಿಂದಕ್ಕೆ ಮಾಡಿ ಮುಖ ತಿರುಗಿಸುತ್ತೆ, ಇವರು ಕತ್ತು ಹಿಡಿದು ಫೋಟೋ ತೆಗೀತಾರೆ. ಹಾಗಂತ ಅವರನ್ನ ಬರಬೇಡಿ ಅನ್ನೋಕೂ ಆಗಲ್ಲ. ಅವರು ಕೊಡೋ ಅಕ್ಕಿ ಮೂಟೆಯಲ್ಲೇ ತಿಂಗಳು ನಡೀಬೇಕು.

— ತಿನ್ನೂದಂದ್ರ ನೆನಪಾತು. ನಾ ಸಂಕ್ರಮಣಕ್ಕ ಎಳ್ಳು ಹುರದು ಬೆಲ್ಲ ಹಾಕಿ ಉಂಡಿ ಕಟ್ಟತೀನಿ. ವಿಜಾಪುರದಿಂದ ಒಣದ್ರಾಕ್ಷಿ ತರಿಸೀನಿ, ಅವನ್ನೂ ಹಾಕಿದ್ರ...

— ದ್ರಾಕ್ಷಿಯ ಮಾತೇ ಎತ್ತಬೇಡ! ಹಸಿದಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡ ಕೆಡಿಸುತ್ತೆ. ಯಾವ ನಾಯಿಗೆ ಎಷ್ಟು ತಿಂದರೆ ಅಂತ ಲೆಕ್ಕ ಹೇಳೋಕೆ ಬರಲ್ಲ, ಒಂದಕ್ಕೆ ಏನೂ ಆಗದೆ ಇನ್ನೊಂದು ಸತ್ತೇ ಹೋಗಬಹುದು. ಯಾಕೆ ಅನ್ನೋದು ಬಹಳ ಕಾಲ ಒಗಟಾಗಿತ್ತು. ಅಮೆರಿಕದ ಪ್ರಾಣಿ ವಿಷ ನಿಯಂತ್ರಣ ಕೇಂದ್ರದ ವೈದ್ಯರಿಗೆ ಮನೆಯಲ್ಲೇ ಮಾಡಿದ ಮಕ್ಕಳ ಆಟದ ಕಣಕ ತಿಂದ ನಾಯಿ ಸುಳಿವು ಕೊಟ್ಟಿತು. ಕಣಕಕ್ಕೆ ಕ್ರೀಮ್ ಆಫ್ ಟಾರ್ಟಾರ್ ಹಾಕಿದ್ದರು. ನಾಯಿ ದ್ರಾಕ್ಷಿ ತಿಂದದ್ದರ ಹಾಗೇ ಕಾಯಿಲೆ ಬಿತ್ತು. ಎರಡರಲ್ಲೂ ಇರೋದು ಟಾರ್ಟಾರಿಕ್ ಆಮ್ಲ. 2021ರಲ್ಲಿ ಅವರು ಅದನ್ನೇ ಕಾರಣ ಅಂತ ಮುಂದಿಟ್ಟರು. ಈಗ ಹೇಳು, ನಮ್ಮ ಅಡಿಗೆಯಲ್ಲಿ ಟಾರ್ಟಾರಿಕ್ ಆಮ್ಲ ಎಲ್ಲಿದೆ?

— ನನಗೇನ ಗೊತ್ತು ಆಮ್ಲ ಗೀಮ್ಲ. ಹುಳಿ ಅಂದ್ರ ಹುಣಸಿ.

— ಅದೇ! ಹುಣಸೆಹಣ್ಣಲ್ಲಿ ಧಾರಾಳ. ಉಳಿದ ಪುಳಿಯೋಗರೆ, ಸಾರು ಕಲಸಿದ ಅನ್ನ ಅಂತ ತಂದು ಸುರಿಯೋರಿಗೆ ಇದು ಗೊತ್ತಿರಲ್ಲ. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತಲ್ಲ.

— ಉಳ್ಳಾಗಡ್ಡಿ, ಬಳ್ಳೊಳ್ಳಿನೂ ಆಗೂದಿಲ್ಲೇನು?

— ಎರಡೂ ರಕ್ತದ ಕೆಂಪು ಕಣ ಒಡೀತವೆ, ಬೇಯಿಸಿದರೂ ಅಷ್ಟೆ. ಚಾಕಲೇಟು ಬೇಡ, ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ ಯಾವುದೂ ಬೇಡ, ಬಿರಿಯಾನಿಯ ಬೆಂದ ಮೂಳೆ ಬೇಡ, ಅದು ಸೀಳಿ ಗಂಟಲಿಗೆ ಚುಚ್ಚುತ್ತೆ. ಮೆಕ್ಕೆಜೋಳದ ದಿಂಡು, ಮಾವಿನ ಓಟೆ ಕರುಳಲ್ಲಿ ಕೂತುಬಿಡ್ತವೆ. ಬೆಲ್ಲದಿಂದ ಸಾಯಲ್ಲ, ಉಪಯೋಗವೂ ಇಲ್ಲ.

— ಮತ್ತ ಉಳದದ್ದೇನವಾ? ಗಾಳಿ?

— ನಿನ್ನ ಖಡಕ್ ರೊಟ್ಟಿ.

— ಜ್ವಾಳದ ರೊಟ್ಟಿ?

— ಉಪ್ಪು, ಖಾರ ಇಲ್ಲದ್ದು. ತೆಳ್ಳಗೆ ಬಡಿದು, ಕಟಕಟ ಅನ್ನೋ ಹಾಗೆ ಒಣಗಿಸಿದ್ದು. ಬಿಸ್ಕತ್ತು ಅಂತ ಹೊಳೆಯೋ ಪೊಟ್ಟಣದಲ್ಲಿ ಮಾರೋ ಎಷ್ಟೋ ಸರಕಿಗಿಂತ ಮೇಲು. ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡಲ್ಲ, ಮುರಿದು ಮೂಸುವ ಚಾಪೆಗೆ ಹಾಕಬಹುದು.

— ನಾಯಿಗೆ ಜ್ವಾಳ ಅರಗೂದಿಲ್ಲ, ಬರೇ ಮಾಂಸ ಹಾಕಬೇಕು ಅಂತ ಆ ಮ್ಯಾಲಿನ ಮನಿ ಹುಡುಗ ಭಾಷಣ ಮಾಡತಿದ್ದ.

— ಅವನು ತೋಳದ ಮಾತಾಡ್ತಿದಾನೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ, ತೋಳ ಎರಡರ ವಂಶವಾಹಿಗಳನ್ನೂ ಹೋಲಿಸಿ ನೋಡಿದರು. ಪಿಷ್ಟ ಅರಗಿಸೋ ಅಮೈಲೇಸ್ ಅನ್ನೋ ಕಿಣ್ವದ ಜೀನ್ ತೋಳಕ್ಕೆ ಎರಡೇ ಪ್ರತಿ, ನಾಯಿಗೆ ಅದರ ಎಷ್ಟೋ ಪಟ್ಟು. ಮನುಷ್ಯ ಬೇಸಾಯ ಹಿಡಿದ ಮೇಲೆ ಅವನ ಮನೆಯ ರೊಟ್ಟಿ ಚೂರು ತಿಂದು ತಿಂದೇ ನಾಯಿಗೆ ಪಿಷ್ಟ ಅರಗಿಸೋ ಶಕ್ತಿ ಹೆಚ್ಚಿತು. ಹಾಗಂತ ರೊಟ್ಟಿ ಒಂದೇ ಊಟ ಆಗಬಾರದು. ಅದಕ್ಕೆ ಮಾಂಸವೋ ಮೊಟ್ಟೆಯೋ ಬೇಕೇ ಬೇಕು. ನಾನು ಹೇಳ್ತಿರೋದು ತಿನಿಸಿನ ಮಾತು.

— ನಮ್ಮ ಮನ್ಯಾಗ ಮೊದಲನೇ ರೊಟ್ಟಿ ಯಾವಾಗಲೂ ನಾಯಿದು. ತವಾ ಕಾಯೂತನಕ ಅದು ಹೊಸ್ತಿಲದಾಗ ಕುಂತಿರತಿತ್ತು. ಮೊದಲನೇದು ಚಲೋ ಏಳತಿದ್ದಿಲ್ಲ ಅನ್ನೂದು ಬ್ಯಾರೆ ಮಾತು.

— ಇನ್ನೊಂದು ಇದೆ, ಅದೂ ಸುಲಭ. ಸಿಹಿಗುಂಬಳ ಬೇಯಿಸಿ ಹಿಸುಕು. ಒಂದು ಬಟ್ಟಲು ಕುಂಬಳಕ್ಕೆ ಎರಡು ಬಟ್ಟಲಿನಷ್ಟು ರಾಗಿಹಿಟ್ಟು, ಒಂದು ಮೊಟ್ಟೆ. ಉಪ್ಪು, ಸಕ್ಕರೆ, ಎಣ್ಣೆ ಏನೂ ಬೇಡ. ಗಟ್ಟಿಯಾಗಿ ನಾದಿ, ತಟ್ಟಿ, ಬೆರಳಿನುಗುರಿನಷ್ಟು ಚಿಕ್ಕ ಚಿಕ್ಕ ತುಂಡು ಮಾಡಿ, ತವಾದ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಒಣಗೋವರೆಗೆ ಬಿಡು. ಗೆಣಸಿನ ಬಿಲ್ಲೆ ಬೇಯಿಸಿ ಒಣಗಿಸಿದರೂ ಆಗುತ್ತೆ, ಅದನ್ನ ಜಗಿಯೋದು ಅವಕ್ಕೆ ಬಲು ಇಷ್ಟ.

— ಉಗರಿನಷ್ಟು ಯಾಕ? ಕೈ ಎತ್ತಿ ಕೊಡವಾ.

— ದಿನದ ಆಹಾರದ ಶಕ್ತಿಯಲ್ಲಿ ತಿನಿಸು ಹತ್ತರಲ್ಲಿ ಒಂದು ಪಾಲು ಮೀರಬಾರದು ಅಂತ ವೈದ್ಯರ ಲೆಕ್ಕ. ಚೂರು ಚಿಕ್ಕದಿದ್ದರೆ ಆ ಪಾಲಿನಲ್ಲೇ ಹೆಚ್ಚು ಸಲ ಕೊಡಬಹುದು. ಹತ್ತು ಚೂರು ಒಂದು ದೊಡ್ಡ ತುಂಡಿಗಿಂತ ದೊಡ್ಡ ಉಡುಗೊರೆ. ಇನ್ನೂ ಒಂದು ವಿಷಯ. ಮೊದಲು ಫೋನ್ ಮಾಡಿ ಕೇಳಬೇಕು. ಕೆಲವು ಆಶ್ರಯಗಳು ಮನೆಯಲ್ಲಿ ಮಾಡಿದ ತಿನಿಸು ಮುಟ್ಟೋದೇ ಇಲ್ಲ, ಏನು ಹಾಕಿದೀರೋ ಅವರಿಗೇನು ಗೊತ್ತು? ಕಿಡ್ನಿ ತೊಂದರೆಯ ನಾಯಿ ಪಥ್ಯದಲ್ಲಿರುತ್ತೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ಏನೇನು ಹಾಕಿದೆ, ಯಾವತ್ತು ಮಾಡಿದ್ದು ಅಂತ ಬರೆದರೆ ಅವರಿಗೆ ಅರ್ಧ ಭಾರ ಇಳಿದಂತೆ. ಒಂದೇ ಆವರಣದಲ್ಲಿ ಎಂಟು ಹತ್ತು ನಾಯಿ ಇರೋ ಕಡೆ ನಾವಾಗಿ ಕೈಯಿಂದ ಹಂಚಬಾರದು. ಒಂದು ಜಡೆ ಒಳಗೆ ಎಸೆದರೆ ಒಂದು ಜಗಳ ಎಸೆದ ಹಾಗೆ. ಅಂಥ ಕಡೆ ಎಲ್ಲವನ್ನೂ ಬೇರೆ ಮಾಡಿ, ಒಂದೊಂದಕ್ಕೇ ಕೊಟ್ಟು, ಮುಗಿದ ಮೇಲೆ ಕೂಡಿಸಬೇಕು. ಅದನ್ನ ನೋಡಿಕೊಳ್ಳೋರೇ ಮಾಡ್ಲಿ, ಯಾವುದಕ್ಕೆ ಯಾವುದು ಆಗಲ್ಲ ಅಂತ ಅವರಿಗೇ ಗೊತ್ತು.

— ಹೌದು, ಅಲ್ಲಿ ನೋಡಕೊಳ್ಳೋರು ಯಾರು? ಇಷ್ಟು ಒಗಿಯೂದು, ಬಳಿಯೂದು?

— ಒಬ್ಬಳು ಅಕ್ಕ, ರಾಯಚೂರು ಕಡೆಯವಳು, ಅವಳ ಗಂಡ, ಇಬ್ಬರು ಹುಡುಗರು. ಮನೆಯೂ ಅಲ್ಲೇ, ಶೆಡ್ಡಿನ ಪಕ್ಕ. ನಾವು ಕೊಡೋ ಒಂದೊಂದು ಬಟ್ಟೆಯೂ ಅವಳ ಕೈಗೆ ಒಂದೊಂದು ಬಕೆಟ್ಟು. ಅದಕ್ಕೇ ಒಗೆಯಬೇಕಾಗಿಲ್ಲದ ಉಡುಗೊರೆ ಹುಡುಕ್ತಾ ಇರ್ತೀನಿ. ಮೊನ್ನೆ ಏನು ಬೇಕು ಅಂತ ಕೇಳಿದರೆ ‘ಹಳೇ ಪೇಪರು, ಬ್ಲೀಚಿಂಗು, ಒಂದು ಒಳ್ಳೇ ಟಾರ್ಚು’ ಅಂದಳು.

— ಖರೇ ಹೇಳ್ಯಾಳ. ಟಾರ್ಚು ನಾ ಕೊಡಸತೀನಿ. ಅಲ್ಲ, ಈ ನಾಯಿಗಳು ಅಲ್ಲೇ ಇರತಾವೇನು? ಗುಣಾದ ಮ್ಯಾಲ ಓಣಿಗೆ ಬಿಡತಾರ ಅಂದಿದ್ದಿ.

— ಮೊದಲು ಅದೇ ಪದ್ಧತಿ. 2023ರ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಬೀದಿಗೇ ಬಿಡಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನ ಆಶ್ರಯಕ್ಕೆ ಒಯ್ಯಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಅಂತ ಆದೇಶ ಮಾಡಿತು. ಮಕ್ಕಳನ್ನ ನಾಯಿ ಕಚ್ಚಿದ ಮನೆಯವರ ಸಂಕಟ ನನಗೆ ಅರ್ಥವಾಗುತ್ತೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ 2023ರ ಎಣಿಕೆಯಲ್ಲಿ ಬೆಂಗಳೂರೊಂದರಲ್ಲೇ ಬೀದಿನಾಯಿ 2.79 ಲಕ್ಷ. ಅದರಲ್ಲಿ ಒಂದು ಚಿಕ್ಕ ಪಾಲು ಒಳಗೆ ಬಂದರೂ, ಅವು ಒಂದೆರಡು ವಾರದ ಅತಿಥಿಗಳಲ್ಲ, ಸಾಯೋವರೆಗೆ ಅಲ್ಲೇ. ಆಗ ಈ ಜಡೆ, ಚಾಪೆ, ರಟ್ಟಿನ ಪೆಟ್ಟಿಗೆ ಎಲ್ಲ ಭಾನುವಾರದ ಶೋಕಿ ಅಲ್ಲ. ಊಟದ ಜೊತೆ ಲೆಕ್ಕಕ್ಕೆ ಬರಬೇಕಾದ್ದು.

— ಆ ಬದಿಮನಿ ಹೆಣಮಗಳು ನಿನ್ನಿ ಕೇಳಿದಳು: ‘ಬಡವರಿಗೆ ಹೊದಿಯಾಕ ಇಲ್ಲ, ನಿಮಗ ನಾಯಿ ಚಿಂತಿ’ ಅಂತ. ನಾ ಅಂದೆ, ‘ನೀ ಬಡವರಿಗೆ ಏನ ಹೊಚ್ಚೀದಿ ತೋರಸು, ಆಮ್ಯಾಲ ಮಾತಾಡೂಣು.’ ಸುಮ್ಮನಾದಳು.

— ನಿನ್ನ ಹತ್ತಿರ ಯಾರು ಮಾತಾಡ್ತಾರೆ! ನಮ್ಮ ನಾಡಲ್ಲಿ ನಾಯಿಗೆ ಮರ್ಯಾದೆ ಕೊಟ್ಟದ್ದು ಇವತ್ತಿನದಾ? ಮದ್ದೂರಿನ ಹತ್ತಿರ ಆತಕೂರು ಅಂತ ಊರಿದೆ. ಅಲ್ಲಿ ಸಿಕ್ಕ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. 950. ಮಣಲೆರ ಅನ್ನೋ ವೀರ ಯುದ್ಧದಲ್ಲಿ ಮೆರೆದ. ಒಡೆಯ ಮೆಚ್ಚಿ ‘ಏನು ಬೇಕು ಕೇಳು’ ಅಂದಾಗ ಕಾಳಿ ಅನ್ನೋ ಬೇಟೆನಾಯಿಯನ್ನ ಬೇಡಿ ತಗೊಂಡ.

— ಊರು, ಹೊಲ ಬಿಟ್ಟು ನಾಯಿ ಬೇಡಿದನ? ನಮ್ಮಂವ.

— ಆ ಕಾಳಿಯನ್ನ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಗುಡಿಯ ಮುಂದೆ ಕಲ್ಲು ನೆಟ್ಟು, ನಾಯಿ-ಹಂದಿ ಕಾದಾಡೋದನ್ನ ಕೆತ್ತಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಪೂಜಾರಿ, ಉಂಡರೆ ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳುತ್ತೆ ಅಂತ ಶಾಸನದಲ್ಲೇ ಬರೆಸಿದಾರೆ.

— ಸತ್ತ ಮ್ಯಾಲ ಕಲ್ಲು, ಭೂಮಿ. ಇದ್ದಾಗ ಏನ ಕೊಟ್ಟಿದ್ದರೋ. ಹಂದಿ ಮ್ಯಾಲ ಬಿಟ್ಟರು, ಅಷ್ಟ. ನಿನ್ನ ರಟ್ಟಿನ ಪೆಟ್ಟಿಗಿನ ವಾಸಿ.

— ಅದೂ ಸರಿ.

— ಹಂಗಾರ ಜಡಿ ಹೆಣೀತೀನಿ, ರೊಟ್ಟಿ ಬಡೀತೀನಿ, ಚಾಪಿ ನೀ ತಂದ್ರ ತುಂಡು ತುಂಬತೀನಿ. ಮತ್ತೇನು ಉಳೀತು?

— ದುಡ್ಡೂ ಬೇಡ, ಬಟ್ಟೆಯೂ ಬೇಡ ಅನ್ನೋ ಒಂದು ಉಡುಗೊರೆ ಇದೆ. ನಿನಗೆ ಹೇಳಿ ಮಾಡಿಸಿದ್ದು.

— ಏನದು?

— ಕತೆ. ಗೂಡಿನ ಹೊರಗೆ ಕೂತು ಮೆಲ್ಲಗೆ ಕತೆ ಹೇಳೋದು. ಹೆದರಿಕೊಂಡು ಮೂಲೆ ಸೇರಿರೋ ನಾಯಿಗಳನ್ನ ಮುಟ್ಟೋಕೆ ಹೋಗಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಪಕ್ಕಕ್ಕೆ ತಿರುಗಿ ಕೂತು ಸುಮ್ಮನೆ ಮಾತಾಡ್ತಾ ಇದ್ದರೆ ತಾವಾಗಿ ಹತ್ತಿರ ಬರ್ತವೆ. ಬೆಲ್‌ಫಾಸ್ಟಿನಲ್ಲಿ 2002ರಲ್ಲಿ ಸಂಗೀತ ಹಾಕಿ ನೋಡಿದರು: ಶಾಸ್ತ್ರೀಯ ಸಂಗೀತಕ್ಕೆ ಆಶ್ರಯದ ನಾಯಿಗಳು ಹೆಚ್ಚು ಮಲಗಿದವು, ಅಬ್ಬರದ ಹೆವಿ ಮೆಟಲ್‌ಗೆ ಹೆಚ್ಚು ಬೊಗಳಿದವು. ಆಮೇಲೆ 2016ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಪರೀಕ್ಷೆ, ಅದರಲ್ಲಿ ಕತೆ ಓದುವ ಧ್ವನಿಯ ರೆಕಾರ್ಡು ಸಂಗೀತವನ್ನೂ ಹಿಂದೆ ಹಾಕಿತು. ಮನುಷ್ಯ ಸಮಾಧಾನವಾಗಿ ಮಾತಾಡ್ತಿದ್ದರೆ ನಾಯಿಗಳು ಹೆಚ್ಚು ಹೊತ್ತು ಮಲಗಿದವು.

— ಇಂಗ್ಲೀಷ ಕತಿ ಕೇಳಿ ಮಲಗಿದ್ವೇನು?

— ಧಾರವಾಡದ ಕನ್ನಡ ಅಲ್ಲಿರಲಿಲ್ಲ, ಅಷ್ಟೆ.

— ನನ್ನ ಕತಿ ಕೇಳಿ ಮೊಮ್ಮಕ್ಕಳ ಮಲಗೂದಿಲ್ಲ, ಎದ್ದು ಕೂಡತಾವ. ಅಲ್ಲಿಗೆ ಹೋಗೂದು ಹೆಂಗ?

— ಎರಡು ಬಸ್ ಬದಲಿಸಬೇಕು. ಆಮೇಲೆ ಒಂದು ಕಿಲೋಮೀಟರ್ ನಡಿಗೆ, ಮಣ್ಣು ರಸ್ತೆ. ನಿನ್ನ ಮೊಣಕಾಲಿಗೆ ಆಗುತ್ತಾ?

— ಆಗೂದಿಲ್ಲ. ಆಟೋ ಮಾಡು, ರೊಕ್ಕ ನೀ ಕೊಡು. ಮತ್ತ ಅಕ್ಕನ್ನ ಫೋನಿನ್ಯಾಗ ಕೇಳು, ಕುಂದ್ರಾಕ ಕುರ್ಚಿ ಐತೋ ಇಲ್ಲೋ ಅಂತ. ನಾ ನೆಲಕ್ಕ ಕುಂತ್ರ ಏಳಾಕ ನಾಲ್ಕ ಮಂದಿ ಬೇಕು.